ಎಕ್ಸ್ ಎಂಬ ರೋಗಿ, ಜೆಡ್ ಎಂಬ ಆಸ್ಪತ್ರೆ

ಕೋರ್ಟಿನ ತೀರ್ಪನ್ನು ನಾವು ಸಾಮಾನ್ಯವಾಗಿ ಕೊನೆಯ ಪುಟದಿಂದ ಓದುತ್ತೇವೆ. ಯಾರು ಗೆದ್ದರು, ಯಾರು ಸೋತರು ಎಂದು ತಿಳಿದರೆ ಆಯಿತು. ಆದರೆ ತೀರ್ಪಿಗೂ ಒಬ್ಬ ನಿರೂಪಕ ಇರುತ್ತಾನೆ. ಕಥೆ ಎಲ್ಲಿಂದ ಶುರುವಾಗಬೇಕು, ಯಾವುದನ್ನು ಹಿಗ್ಗಿಸಬೇಕು, ಯಾವುದನ್ನು ಕೇಳದೆ ಬಿಡಬೇಕು ಎಂಬುದೆಲ್ಲ ಅವನ ಕೈಯಲ್ಲಿ. 1998ರ ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಕೊಟ್ಟ ‘ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಜೆಡ್’ ತೀರ್ಪನ್ನು ಹೀಗೆ ಮೊದಲಿನಿಂದ, ಕಥೆಯ ಹಾಗೆ ಓದಿದರೆ ಅದರ ನಡುವೆ ಒಂದು ದೊಡ್ಡ ತೂತು ಕಾಣುತ್ತದೆ. ರೋಗಿಯ ಗುಟ್ಟಿನ ಬಗ್ಗೆ ನಮ್ಮ ದೇಶ ಇಪ್ಪತ್ತು ವರ್ಷ ಯೋಚಿಸಿದ್ದು ಈ ತೀರ್ಪಿನ ನೆರಳಲ್ಲಿ. ಅದರ ಕಥೆ ನಡೆದದ್ದು ನಾವಿರುವ ಈ ಊರಲ್ಲಿ.

ಈಶಾನ್ಯದ ಒಂದು ರಾಜ್ಯದ ಸರ್ಕಾರಿ ವೈದ್ಯ ಅವನು. ಶಸ್ತ್ರಚಿಕಿತ್ಸೆಗೆ ಮದರಾಸಿಗೆ ಹೊರಟಿದ್ದ ರೋಗಿಯೊಬ್ಬರ ಜೊತೆ ಸರ್ಕಾರವೇ ಅವನನ್ನು ಕಳಿಸಿತು. ರಕ್ತ ಸಾಲದೆ ಆಪರೇಷನ್ ಮುಂದಕ್ಕೆ ಹೋಯಿತು. 1995ರ ಜೂನ್ 1ರಂದು ರಕ್ತ ಕೊಡಲು ಅವನನ್ನು ಕೇಳಿದರು, ಮಾದರಿ ತೆಗೆದುಕೊಂಡರು. ಆಪರೇಷನ್ ಆಯಿತು, ರೋಗಿ ಡಿಸ್ಚಾರ್ಜ್ ಆದರು. ಆಗಸ್ಟಿನಲ್ಲಿ ಈ ವೈದ್ಯನ ಮದುವೆ ಗೊತ್ತಾಯಿತು, ಡಿಸೆಂಬರಿಗೆ ದಿನ ನೋಡಿದರು. ಅಷ್ಟರಲ್ಲಿ ಮದುವೆ ಮುರಿಯಿತು. ಮದರಾಸಿನ ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿ ಅವನಿಗೆ ಎಚ್‌ಐವಿ ಇದೆ ಎಂದು ಬಂದಿದೆ ಎಂಬುದು ಕಾರಣ. ಅವನು ಮತ್ತೆ ಅದೇ ಆಸ್ಪತ್ರೆಗೆ ಬಂದು ಪರೀಕ್ಷೆ ಮಾಡಿಸಿಕೊಂಡ. ಇದ್ದದ್ದು ನಿಜ. ಮನೆಯವರಿಗೆ, ಸಮುದಾಯಕ್ಕೆ ಎಲ್ಲ ಗೊತ್ತಾಗಿ ಅವನನ್ನು ದೂರ ಇಟ್ಟರು. ನವೆಂಬರ್ ಕೊನೆಗೆ ಊರು ಬಿಟ್ಟು ಮದರಾಸಿಗೆ ಬಂದು ಕೆಲಸ ಹಿಡಿದ. ಗುಟ್ಟು ಹೊರಬಿದ್ದ ಊರಿನಲ್ಲೇ ಅವನು ನೆಲೆ ಹುಡುಕಬೇಕಾಯಿತು ಎಂಬುದಕ್ಕೆ ತೀರ್ಪು ಒಂದೇ ವಾಕ್ಯ ಖರ್ಚು ಮಾಡುತ್ತದೆ. ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ನಮ್ಮಂಥವರು ಆ ವಾಕ್ಯದ ಹತ್ತಿರ ಸ್ವಲ್ಪ ನಿಲ್ಲಬೇಕು.

ಅವನು ಕೇಳಿದ್ದು ಪರಿಹಾರ. ಗುಟ್ಟು ಕಾಯಬೇಕಾದ ಆಸ್ಪತ್ರೆ ಕಾಯಲಿಲ್ಲ ಎಂಬುದು ದೂರು. ರಾಷ್ಟ್ರೀಯ ಗ್ರಾಹಕ ಆಯೋಗ ಸಿವಿಲ್ ಕೋರ್ಟಿಗೆ ಹೋಗು ಎಂದು ಕೈತೊಳೆದುಕೊಂಡಿತು, ಅವನು ಸುಪ್ರೀಂ ಕೋರ್ಟಿಗೆ ಹೋದ.

ಮೊದಲು ಶೀರ್ಷಿಕೆ ನೋಡಿ. ಎಕ್ಸ್, ಜೆಡ್. ಮರ್ಯಾದೆ ಕಾಪಾಡಿದಂತೆ ಕಾಣುತ್ತದೆ. ಒಳಗೆ ಹೋದರೆ ಅವನು ಓದಿದ ಕಾಲೇಜು, ಡಿಗ್ರಿಯ ವರ್ಷ, ಹುದ್ದೆ, ತಾರೀಕುಗಳು, ಮದುವೆಯಾಗಬೇಕಿದ್ದ ಹುಡುಗಿಯ ಹೆಸರು, ಎಲ್ಲ ಇವೆ. ನಮ್ಮ ಕಂಪನಿಗಳಲ್ಲಿ ಟೆಸ್ಟ್ ಡೇಟಾ ತಯಾರಿಸುವಾಗ ಹೆಸರಿನ ಕಾಲಂ ಮಾತ್ರ ಅಳಿಸಿ ಹುಟ್ಟಿದ ದಿನ, ಪಿನ್‌ಕೋಡ್ ಹಾಗೇ ಬಿಟ್ಟರೆ ಆಡಿಟ್‌ನವರು ಅದನ್ನು ವಾಪಸ್ ಕಳಿಸುತ್ತಾರೆ. ಗೋಪ್ಯತೆಯ ಬಗ್ಗೆ ಬರೆದ ತೀರ್ಪು ಆ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಇನ್ನು ತೂತಿನ ಮಾತು. ಜೂನ್‌ನಲ್ಲಿ ಆಸ್ಪತ್ರೆಯಲ್ಲಿದ್ದ ಸುದ್ದಿ ಮದುವೆ ಮುರಿಯುವ ಹೊತ್ತಿಗೆ ಹುಡುಗಿಯ ಕಡೆಯವರಿಗೆ ತಲುಪಿತ್ತು. ಯಾರು ಹೇಳಿದರು? ಯಾರಿಗೆ? ಬಾಯಿಮಾತಲ್ಲೋ, ಕಾಗದದಲ್ಲೋ? ರಕ್ತ ಕೊಟ್ಟವನನ್ನೇ ಕರೆದು ಮೊದಲು ಹೇಳಿದರೋ ಇಲ್ಲವೋ? ಸಂಗತಿಗಳನ್ನು ಹೇಳುವ ಭಾಗದಲ್ಲಿ ಇದ್ಯಾವುದೂ ಇಲ್ಲ. ವಾಕ್ಯ ಕರ್ಮಣಿ ಪ್ರಯೋಗದಲ್ಲಿದೆ: ಮದುವೆ ರದ್ದಾಯಿತು. ರದ್ದಾಗಲು ಬೇಕಾದ ಮಾಹಿತಿ ತಾನಾಗಿ ನಡೆದುಕೊಂಡು ಹೋಯಿತು ಎಂಬಂತೆ. ದೂರು ಇದ್ದದ್ದೇ ಮಾಹಿತಿ ಸಾಗಿದ ದಾರಿಯ ಬಗ್ಗೆ, ತೀರ್ಪು ಹುಡುಕದೆ ಬಿಟ್ಟದ್ದೂ ಅದನ್ನೇ.

ಅದನ್ನು ಬಿಟ್ಟಿದ್ದರಿಂದ ಉಳಿದದ್ದು ಇಬ್ಬರ ಜಗಳ: ಅವನ ಗೋಪ್ಯತೆ ದೊಡ್ಡದೋ, ಅವಳ ಆರೋಗ್ಯ ದೊಡ್ಡದೋ. ಹಿಪೋಕ್ರಟಿಸನ ಪ್ರತಿಜ್ಞೆಯಿಂದ ಶುರುಮಾಡಿ, ವೈದ್ಯಕೀಯ ಮಂಡಳಿಯ ನೀತಿಸಂಹಿತೆ, 21ನೇ ವಿಧಿ, ನಮ್ಮೂರಿನದೇ ಆದ ‘ನಕ್ಕೀರನ್’ ಪ್ರಕರಣ ಎಲ್ಲವನ್ನೂ ದಾಟಿ ಕೋರ್ಟು ಅವಳ ಕಡೆ ನಿಲ್ಲುತ್ತದೆ. ಇಲ್ಲಿ ನಾನು ಕೋರ್ಟಿನ ಜೊತೆಗಿದ್ದೇನೆ. ಅವಳಿಗೆ ತಿಳಿಯುವ ಹಕ್ಕು ಇತ್ತು, ಅದರಲ್ಲಿ ಎರಡು ಮಾತಿಲ್ಲ. ಗೋಪ್ಯತೆಯ ಪರವಾಗಿ ಬರೆಯುವವರು ಎಷ್ಟೋ ಸಲ ಆ ಹುಡುಗಿಯನ್ನು ಮರೆತೇಬಿಡುತ್ತಾರೆ. ಆದರೆ ಅವಳಿಗೆ ತಿಳಿಸಬೇಕಿತ್ತು ಎಂಬುದು ಬೇರೆ, ಯಾರೋ ಯಾರಿಗೋ ಹೇಳಿ ಊರಿಗೆಲ್ಲ ತಿಳಿಯಿತು ಎಂಬುದು ಬೇರೆ. ಮೊದಲನೆಯದನ್ನು ಸಮರ್ಥಿಸಿ ಎರಡನೆಯದಕ್ಕೂ ಕ್ಷಮೆ ಕೊಟ್ಟದ್ದು ಈ ತೀರ್ಪಿನ ತರ್ಕದೋಷ. ಆಸ್ಪತ್ರೆ ಸುಮ್ಮನಿದ್ದಿದ್ದರೆ ಅಪರಾಧದಲ್ಲಿ ಪಾಲುದಾರ ಆಗುತ್ತಿತ್ತು ಎಂಬ ಮಟ್ಟಕ್ಕೂ ಅದು ಹೋಗುತ್ತದೆ. ಸುಮ್ಮನಿರುವುದಕ್ಕೂ ಊರಿಗೆ ಸಾರುವುದಕ್ಕೂ ನಡುವೆ, ಅವನನ್ನು ಕೂರಿಸಿಕೊಂಡು ‘ನೀನೇ ಅವಳಿಗೆ ಹೇಳು, ಇಲ್ಲದಿದ್ದರೆ ನಾವು ಹೇಳಬೇಕಾಗುತ್ತದೆ’ ಎನ್ನುವ ದಾರಿ ಇತ್ತು.

ಕೊನೆಯ ಭಾಗದಲ್ಲಿ ನ್ಯಾಯಾಧೀಶರ ದನಿ ಪುರಾಣ ಹೇಳುವವರ ದನಿಯಾಗುತ್ತದೆ. ಏಡ್ಸ್ ಎಂಬುದು ಹತೋಟಿ ಇಲ್ಲದ ಕಾಮದ ಫಲ, ಆದರೂ ರೋಗಿಗಳಿಗೆ ಸಹಾನುಭೂತಿ ತೋರಿಸಬೇಕು ಎಂಬ ಧಾಟಿ. ಈ ವೈದ್ಯನಿಗೆ ಸೋಂಕು ಹೇಗೆ ಬಂತು ಎಂಬುದು ಅಲ್ಲಿ ವಿಚಾರಣೆಗೆ ಬಂದ ಪ್ರಶ್ನೆಯೇ ಅಲ್ಲ. ಸೋಂಕು ಇರುವವರ ಮದುವೆಯ ಹಕ್ಕು ಗುಣವಾಗುವವರೆಗೆ ಅಮಾನತಿನಲ್ಲಿರುತ್ತದೆ ಎಂದೂ ಬರೆದರು. ಅದನ್ನು ಯಾರೂ ಕೇಳಿರಲಿಲ್ಲ. ಇದ್ದವನು ಒಬ್ಬ ಅರ್ಜಿದಾರ, ತೀರ್ಪು ಬಿದ್ದದ್ದು ಇಡೀ ದೇಶದ ಸೋಂಕಿತರ ಮೇಲೆ.

ಆ ದನಿ ಎಲ್ಲಿಂದಲೋ ಉದುರಿದ್ದಲ್ಲ. 1986ರಲ್ಲಿ ಮದರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ದೇಶದಲ್ಲಿ ಮೊದಲ ಬಾರಿ ಎಚ್‌ಐವಿ ಪತ್ತೆ ಮಾಡಿದ್ದು ಇದೇ ಊರಲ್ಲಿ. ವಿಜ್ಞಾನದ ದೃಷ್ಟಿಯಿಂದ ದೊಡ್ಡ ಸಾಧನೆ, ಅನುಮಾನವಿಲ್ಲ. ರಕ್ತ ಕೊಟ್ಟವರು ಸರ್ಕಾರಿ ನಿಲಯದಲ್ಲಿ ಕೂಡಿಟ್ಟಿದ್ದ ಲೈಂಗಿಕ ಕಾರ್ಯಕರ್ತೆಯರು. ಯಾವ ಪರೀಕ್ಷೆಗೆ ಎಂದು ಅವರಿಗೆ ಹೇಳಿರಲಿಲ್ಲ. ಮುಂದೆ, ಸೋಂಕು ಇದೆ ಎಂಬ ಒಂದೇ ಕಾರಣಕ್ಕೆ ಹೆಂಗಸರನ್ನು ಹೊರಗೆ ಬಿಡದೆ ಇಟ್ಟುಕೊಂಡಾಗ, ಪತ್ರಕರ್ತೆ ಶ್ಯಾಮಲಾ ನಟರಾಜ್ ಮದರಾಸ್ ಹೈಕೋರ್ಟಿಗೆ ಹೋಗಿ ಅವರನ್ನು ಬಿಡಿಸಬೇಕಾಯಿತು.

2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ ಮದುವೆಯ ಹಕ್ಕಿನ ಮಾತುಗಳು ಅನಗತ್ಯವಾಗಿದ್ದವು ಎಂದು ಬದಿಗಿಟ್ಟಿತು. ಗುಟ್ಟು ಹೊರಬಿದ್ದದ್ದರ ಬಗ್ಗೆ ಹೇಳಿದ್ದು ಹಾಗೇ ಉಳಿಯಿತು. 2004ರ ಏಪ್ರಿಲ್‌ನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಶುರುವಾಯಿತು, ಮೊದಲ ಕೇಂದ್ರಗಳಲ್ಲಿ ತಾಂಬರಂ ಸ್ಯಾನಟೋರಿಯಂ ಒಂದು. ಔಷಧಿ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ ಎಂದು ಇವತ್ತು ಗೊತ್ತು. 1998ರ ಆ ಖಚಿತ ದನಿ ಈಗ ಹಳತಾಗಿ ಕೇಳುತ್ತದೆ.

ತೂತು ಮುಚ್ಚಿದ್ದು 2017ರ ಎಚ್‌ಐವಿ ಕಾಯ್ದೆ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಸಂಗಾತಿಗೆ ಹೇಳುವುದನ್ನು ಅದು ತಡೆಯುವುದಿಲ್ಲ. ಕ್ರಮವನ್ನು ಹಾಕಿಕೊಡುತ್ತದೆ. ಸಂಗಾತಿಗೆ ನಿಜವಾದ ಅಪಾಯ ಇರಬೇಕು; ರೋಗಿಗೆ ಮೊದಲು ಆಪ್ತಸಲಹೆ ಕೊಡಬೇಕು; ಅವನು ತಾನಾಗಿ ಹೇಳುವುದಿಲ್ಲ ಎಂದು ಖಚಿತವಾಗಬೇಕು; ನಾವು ಹೇಳುತ್ತೇವೆ ಎಂದು ಅವನಿಗೆ ತಿಳಿಸಬೇಕು; ಹೇಳುವುದನ್ನು ಸಂಗಾತಿಗೆ ಮುಖಾಮುಖಿ ಹೇಳಬೇಕು. ಅದೇ 2017ರ ಆಗಸ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಗೋಪ್ಯತೆ ಮೂಲಭೂತ ಹಕ್ಕು ಎಂದರು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ.

ಮೂರು ವರ್ಷವೂ ಕಳೆದಿರಲಿಲ್ಲ. 2020ರ ಮಾರ್ಚಿನಲ್ಲಿ ಪುಟ್ಟಸ್ವಾಮಿಯವರ ರಾಜ್ಯದ ಸರ್ಕಾರ ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನು ಪ್ರಕಟಿಸಿತು. ಗಂಟೆಗೊಂದು ಸೆಲ್ಫಿ ಕಳಿಸಿ ಎಂದು ಆಪ್ ಕೊಟ್ಟಿತು, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಮಾತ್ರ ವಿನಾಯಿತಿ. ಸೋಂಕು ಹರಡದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸವೇ. ಅಧಿಕಾರಿಗೆ ಗೊತ್ತಿರಬೇಕಾದ ವಿಳಾಸ ಇಡೀ ಬೀದಿಗೆ ಏಕೆ ಗೊತ್ತಾಗಬೇಕು ಎಂಬ ಪ್ರಶ್ನೆ ಮಾತ್ರ ಆಗಲೂ ಯಾರ ಟೇಬಲ್ ಮೇಲೂ ಇರಲಿಲ್ಲ.

ಚೆನ್ನೈನ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಊರಿಂದ ಚಿಕ್ಕಪ್ಪನೋ ಅತ್ತೆಯೋ ಚಿಕಿತ್ಸೆಗೆ ಬಂದರೆ ಜೊತೆಗೆ ಹೋಗುವವರು ನಾವು. ರೋಗಿಗೆ ತಮಿಳೂ ಬಾರದು, ಇಂಗ್ಲಿಷೂ ಬಾರದು. ಡಾಕ್ಟರು ವಾರ್ಡಿನಿಂದ ಹೊರಗೆ ಬಂದು ರಿಪೋರ್ಟನ್ನು ಕಾರಿಡಾರಿನಲ್ಲಿ ನಮಗೆ ಹೇಳುತ್ತಾರೆ, ಫಾರಂ ನಮ್ಮ ಕೈಗೆ ಕೊಡುತ್ತಾರೆ. ರೋಗಿಗಿಂತ ಮೊದಲು ಸುದ್ದಿ ಗೊತ್ತಾಗುವವರು ನಾವು, ಊರಿಗೆ ಫೋನ್ ಮಾಡುವವರೂ ನಾವೇ. 2017ರ ಕಾಯ್ದೆಯಲ್ಲಿ ಒಪ್ಪಿಗೆ ಎಂದರೇನು ಎಂಬ ವ್ಯಾಖ್ಯೆ ಇದೆ. ಒಪ್ಪಿಗೆ ಕೊಡುವವರಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ಎಲ್ಲ ತಿಳಿಸಿರಬೇಕು ಎನ್ನುತ್ತದೆ ಅದು. ಹೊಸಕೋಟೆಯಿಂದ ಬಂದ ಅತ್ತೆಯ ಮಟ್ಟಿಗೆ ಅದರ ಅರ್ಥ ಕನ್ನಡ, ಅದೂ ಅವರ ಮಂಚದ ಪಕ್ಕದಲ್ಲಿ.