ಸಾವಿತ್ರಿಗೆ ದಿನ ಗೊತ್ತಿತ್ತು

ಚೆನ್ನೈಗೆ ಬಂದು ಒಂಬತ್ತು ವರ್ಷವಾಗಿದ್ದರೂ ಕಾರಡೈಯಾನ್ ನೋಂಬು ಏನೆಂದು ನನಗೆ ತಿಳಿದದ್ದು ಎರಡು ವರ್ಷದ ಹಿಂದೆ, ನನ್ನ ಹೆಂಡತಿಯ ಮೂರನೇ ಕೀಮೋ ಮುಗಿದ ವಾರದಲ್ಲಿ. ಮಾಸಿ ತಿಂಗಳು ಕಳೆದು ಪಂಗುನಿ ಹುಟ್ಟುವ ಹೊತ್ತಿಗೆ, ಅಂದರೆ ಮಾರ್ಚ್ ನಡುವಿಗೆ, ಇಲ್ಲಿಯ ಹೆಂಗಸರು ಉಪವಾಸವಿದ್ದು, ಅಕ್ಕಿಹಿಟ್ಟು ಅಲಸಂದೆಕಾಳಿನ ಅಡೆ ಬೇಯಿಸಿ, ಬೆಣ್ಣೆಯ ಜೊತೆ ನೈವೇದ್ಯ ಮಾಡಿ, ಕೊರಳಿಗೆ ಹಳದಿ ದಾರ ಕಟ್ಟಿಕೊಳ್ಳುತ್ತಾರೆ. ಸಾವಿತ್ರಿ ಸತ್ಯವಾನನ ಪ್ರಾಣ ಉಳಿಸಿಕೊಂಡದ್ದರ ನೆನಪಿನ ವ್ರತ. ನಮ್ಮ ಭೀಮನ ಅಮಾವಾಸ್ಯೆಯ ಅಕ್ಕ ಎನ್ನಿ. ಎದುರು ಮನೆಯ ಮಾಮಿ ತಟ್ಟೆಯಲ್ಲಿ ಎರಡು ಸಿಹಿ, ಎರಡು ಖಾರದ ಅಡೆ ತಂದರು. ತಲೆಗೆ ಸ್ಕಾರ್ಫ್ ಕಟ್ಟಿದ್ದ ನನ್ನ ಹೆಂಡತಿಯನ್ನು ನೋಡಿ, ದಾರ ಕೊಡಲೋ ಬೇಡವೋ ಎಂದು ಅನುಮಾನಿಸುತ್ತ ಬಾಗಿಲಲ್ಲೇ ನಿಂತರು. ಅವಳೇ ಕೈ ಚಾಚಿ ತೆಗೆದುಕೊಂಡಳು. ಬಾಗಿಲು ಹಾಕಿದ ಮೇಲೆ, "ನಿಮಗೇನೂ ಆಗದಿರಲಿ ಅಂತ ನಾನು ಕಟ್ಕೋಬೇಕು. ನನಗೇನೂ ಆಗದಿರಲಿ ಅಂತ ನೀವು ಕಟ್ಕೊಳ್ಳೋ ದಾರ ಯಾವ ಅಂಗಡೀಲಿ ಸಿಗುತ್ತೆ?" ಎಂದು ನಕ್ಕಳು.

ನನ್ನಲ್ಲಿ ಉತ್ತರವಿರಲಿಲ್ಲ. ಆಸ್ಪತ್ರೆಯ ಭಾಷೆಯಲ್ಲಿ ಆಗ ನನ್ನ ಹೆಸರು 'ಅಟೆಂಡರ್'. ಟೋಕನ್ ತೆಗೆದುಕೊಳ್ಳುವವನು, ಫೈಲ್ ಹೊರುವವನು, ಕೂರುವವನು. ಕೂತಲ್ಲಿ ಓದುವುದಷ್ಟೇ ನನಗೆ ಗೊತ್ತಿದ್ದ ಕೆಲಸ. ಹೆಂಡತಿಯ ಕಾಯಿಲೆಯ ಪಕ್ಕ ಕೂತ ಗಂಡನಿಗೆ, ಮುಂದೇನು ಎಂದು ಯಾರೂ ಹೇಳಲಾಗದ ಆ ತಿಂಗಳುಗಳಿಗೆ, ನಮ್ಮ ಕಥೆಗಳು ಏನು ಕೊಡುತ್ತವೆ ಎಂದು ಹುಡುಕುತ್ತ ಓದಿದೆ. ಓದಿ ಸಿಕ್ಕಿದ್ದಕ್ಕಿಂತ ಸಿಗದೆ ಹೋದದ್ದರ ಲೆಕ್ಕ ಇಲ್ಲಿದೆ.

ಮೊದಲು ಸಾವಿತ್ರಿಯನ್ನೇ ತೆಗೆದುಕೊಳ್ಳೋಣ. ಮಹಾಭಾರತದ ವನಪರ್ವದಲ್ಲಿ ಬರುವ ಈ ಕಥೆಯನ್ನು ನಾವು ಪಾತಿವ್ರತ್ಯದ ಕಥೆಯೆಂದು ಓದಿ ಅಭ್ಯಾಸ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದಾಗ ನನಗೆ ಮೊದಲು ಕಂಡದ್ದು ಕ್ಯಾಲೆಂಡರ್. ಸತ್ಯವಾನ ಇಂದಿನಿಂದ ಒಂದು ವರ್ಷಕ್ಕೆ ಸಾಯುತ್ತಾನೆ ಎಂದು ನಾರದ ಮದುವೆಗೆ ಮುಂಚೆಯೇ ಹೇಳಿಬಿಡುತ್ತಾನೆ. ಸಾವಿತ್ರಿ ದಿನ ಎಣಿಸುತ್ತಾಳೆ. ಇನ್ನು ನಾಲ್ಕು ದಿನ ಎಂದಾಗ ಮೂರು ರಾತ್ರಿಯ ವ್ರತ ಹಿಡಿಯುತ್ತಾಳೆ. ಆ ದಿನ ಬಂದಾಗ ಗಂಡನ ಹಿಂದೆ ಕಾಡಿಗೆ ಹೋಗುತ್ತಾಳೆ. ಅವಳ ಧೈರ್ಯ ದೊಡ್ಡದು, ಅನುಮಾನವಿಲ್ಲ. ಆದರೆ ಆ ಧೈರ್ಯಕ್ಕೆ ನಿಲ್ಲಲು ಒಂದು ತಾರೀಖು ಇತ್ತು. ಯಮ ಕೂಡ ಎದುರಿಗೆ ಬಂದು, ಮಾತನಾಡಿ, ವಾದಕ್ಕೆ ಸಿಗುವಂಥವನು. ಬಯಾಪ್ಸಿಯ ವರದಿ ಬರಲು ಹತ್ತು ದಿನ, ಬಂದ ಮೇಲೆ ಇನ್ನೊಂದು ಪರೀಕ್ಷೆ, ಅದರ ಮೇಲೆ ಸ್ಕ್ಯಾನ್, ಸ್ಕ್ಯಾನಿನಲ್ಲಿ 'ಮೂರು ತಿಂಗಳ ನಂತರ ಮತ್ತೆ ನೋಡುವುದು' ಎಂಬ ಸಾಲು. ಇಲ್ಲಿ ನಾರದನೂ ಇಲ್ಲ, ಯಮನೂ ಇಲ್ಲ. ಯಾವ ದಿನಕ್ಕೆ ಉಪವಾಸ ಹಿಡಿಯಬೇಕು?

ಅದೇ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ, ಅದು ನನ್ನನ್ನು ಹೆಚ್ಚು ಕುಟುಕಿತು. ಸಾವಿತ್ರಿ ಯಾರಿಗೂ ಹೇಳುವುದಿಲ್ಲ. ಸಾಯಬೇಕಾದವನು ಸತ್ಯವಾನ, ಅವನಿಗೇ ಗೊತ್ತಿಲ್ಲ. ವರ್ಷಪೂರ್ತಿ ಅವಳು ಗುಟ್ಟನ್ನು ಒಬ್ಬಳೇ ಹೊತ್ತಳೆಂದು ಕಥೆ ಮೆಚ್ಚಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ 'ಪೇಷೆಂಟಿಗೆ ಹೇಳಬೇಡಿ' ಎನ್ನುವ ರೂಢಿಗೆ ಇಷ್ಟು ಹಳೆಯ ಮಾದರಿ ಇದೆ. ನಾನೂ ಅದನ್ನೇ ಮಾಡಿದ್ದೆ. ಪೆಥಾಲಜಿ ವರದಿಯ ಲಕೋಟೆ ತೆರೆದು, ಕೂತಲ್ಲೇ ಫೋನಿನಲ್ಲಿ ಪದಗಳ ಅರ್ಥ ಹುಡುಕಿ, ಎರಡು ದಿನ ಸುಮ್ಮನಿದ್ದೆ. ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮೂರನೇ ದಿನ ಅವಳೇ ಫೈಲಿನಲ್ಲಿ ನೋಡಿದಳು. "ಎರಡು ದಿನ ನನ್ನ ಕಾಯಿಲೆ ನಿಮ್ಮ ಹತ್ರ ಇತ್ತು" ಎಂದಷ್ಟೇ ಹೇಳಿದಳು. ಆ ಮಾತಿನ ಮುಂದೆ ಸಾವಿತ್ರಿಯ ಮೌನವನ್ನು ಮೊದಲಿನಂತೆ ಮೆಚ್ಚುವುದು ನನಗೆ ಸಾಧ್ಯವಾಗಿಲ್ಲ.

ಪುರಾಣದ ಈ ಅಚ್ಚನ್ನು ಸಿನಿಮಾ ಹಾಗೇ ಎತ್ತಿಕೊಂಡಿತು. ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ಬಂದದ್ದು 1981ರಲ್ಲಿ. ನಾಯಕ ಹಾಡುಗಾರ, ನಾಯಕಿಗೆ ರಕ್ತದ ಕ್ಯಾನ್ಸರ್. ಮರುವರ್ಷವೇ ತಮಿಳಿನಲ್ಲಿ 'ಪಯಣಂಗಳ್ ಮುಡಿವದಿಲ್ಲೈ'. ಅಲ್ಲಿ ಹಾಡುಗಾರನಿಗೇ ಕ್ಯಾನ್ಸರ್. ಎರಡಕ್ಕೂ ಸಂಗೀತ ಇಳೆಯರಾಜ. ಆ ಹಾಡುಗಳನ್ನು ಕೇಳಿಕೊಂಡೇ ಬೆಳೆದವನು ನಾನು, ಈಗಲೂ ಕೇಳುತ್ತೇನೆ. ಆದರೆ ಈ ಬಗೆಯ ಚಿತ್ರಗಳಲ್ಲಿ ಕ್ಯಾನ್ಸರ್ ಮಾಡುವ ಕೆಲಸ ನಾರದನದೇ. ಡಾಕ್ಟರು ಕನ್ನಡಕ ತೆಗೆದರೆಂದರೆ ತೀರ್ಪು ಬಂತು. ಅಲ್ಲಿಂದ ಮುಂದೆ ಪ್ರೇಮಿಗೆ ಉಳಿಯುವುದು ಒಂದೇ ಕೆಲಸ, ಚೆನ್ನಾಗಿ ದುಃಖಿಸುವುದು. ವಾಂತಿಯ ಬಕೆಟ್ಟು, ಬಾಯಿಹುಣ್ಣು, ಇನ್ಶೂರೆನ್ಸಿನವರ ಪ್ರಶ್ನೆಗಳು, ಬಿಳಿರಕ್ತಕಣ ಕಮ್ಮಿಯಾಗಿದೆಯೆಂದು ಮುಂದಕ್ಕೆ ಹೋಗುವ ಕೀಮೋ, ಇವೆಲ್ಲ ಹಾಡಿಗೂ ಕ್ಲೈಮ್ಯಾಕ್ಸಿಗೂ ನಡುವೆ ಕತ್ತರಿಸಿ ಬಿದ್ದುಹೋಗುತ್ತವೆ. ಕಾಯುವುದು ತೆರೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ.

ಆ ಕಾಲಕ್ಕೆ ರಕ್ತದ ಕ್ಯಾನ್ಸರ್ ಎಂದರೆ ಬಹುಪಾಲು ಅದೇ ಆಗಿತ್ತಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಕಾಯಿಲೆ ಬದಲಾದರೂ ಕಥೆ ಬದಲಾಗಲಿಲ್ಲ. 2001ರಲ್ಲಿ ಇಮ್ಯಾಟಿನಿಬ್ ಎಂಬ ಮಾತ್ರೆ ಬಂದಮೇಲೆ, ದೀರ್ಘಕಾಲದ ಒಂದು ಬಗೆಯ ರಕ್ತದ ಕ್ಯಾನ್ಸರ್ ದಿನಾ ಗುಳಿಗೆ ನುಂಗಿ ವರ್ಷಗಟ್ಟಲೆ ಬಾಳಬಹುದಾದ ಕಾಯಿಲೆಯಾಯಿತು. ತಿಂಗಳಿಗೆ ಲಕ್ಷ ದಾಟುತ್ತಿದ್ದ ಅದರ ಬೆಲೆಯ ಜಗಳದ ಮುಖ್ಯ ಅಂಕ ನಡೆದದ್ದು ಇದೇ ಊರಿನಲ್ಲಿ. ಚೆನ್ನೈನ ಪೇಟೆಂಟ್ ಕಚೇರಿ 2006ರ ಜನವರಿಯಲ್ಲಿ ನೊವಾರ್ಟಿಸ್ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಮದ್ರಾಸ್ ಹೈಕೋರ್ಟನ್ನೂ ಹಾದುಹೋದ ವ್ಯಾಜ್ಯ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಕಂಪನಿಯ ವಿರುದ್ಧವಾಗಿ ಮುಗಿಯಿತು. ಇಲ್ಲಿಯ ಕಂಪನಿಗಳು ಮಾಡುವ ಅಗ್ಗದ ಮಾತ್ರೆ ಉಳಿಯಿತು. ಗುಳಿಗೆ ನುಂಗಿ ಆಫೀಸಿಗೆ ಹೋಗುವ 'ಗೀತಾ', ಅವಳ ಮುಂದಿನ ರಕ್ತಪರೀಕ್ಷೆಗೆ ರಜೆ ಹಾಕುವ ಗಂಡ, ಇವರ ಮೇಲೆ ಒಂದು ಸಿನಿಮಾ ಇದ್ದರೆ ನಾನು ಇನ್ನೂ ನೋಡಿಲ್ಲ.

ಹಾಗಾದರೆ ಸಾಹಿತ್ಯ? ಹೆಂಡತಿಯ ಆರೈಕೆ ಮಾಡುವ ಗಂಡ ಎಂದಕೂಡಲೇ ಕನ್ನಡದಲ್ಲಿ ನೆನಪಾಗುವವನು ಪ್ರಾಣೇಶಾಚಾರ್ಯ. ಅನಂತಮೂರ್ತಿಯವರ 'ಸಂಸ್ಕಾರ' (1965) ಶುರುವಾಗುವುದೇ ಅವನು ರೋಗಿಷ್ಠ ಭಾಗೀರಥಿಗೆ ಸ್ನಾನ ಮಾಡಿಸುವುದರಿಂದ. ಇಪ್ಪತ್ತು ವರ್ಷದ ಸೇವೆ. ಗೊತ್ತಿದ್ದೇ ಅವಳನ್ನು ಮದುವೆಯಾದವನು, ಆ ಸೇವೆಯನ್ನೇ ತನ್ನ ತಪಸ್ಸು ಮಾಡಿಕೊಂಡವನು. ಕಾದಂಬರಿ ಇದನ್ನು ಮೆಚ್ಚುತ್ತಿಲ್ಲ, ಒಳಗಿನಿಂದ ಬಿಚ್ಚುತ್ತಿದೆ ಎಂಬುದು ನಮಗೆಲ್ಲ ಗೊತ್ತು. ಚಂದ್ರಿಯ ಸಂಗದ ನಂತರವೇ ಅವನ ಕಣ್ಣಿಗೆ ಹೆಂಡತಿಯ ಮೈ ಕಾಣಿಸುತ್ತದೆ, ಅದೂ ಅಸಹ್ಯವಾಗಿ. ಆರೈಕೆ ಮಾಡುವವನ ಅಹಂಕಾರವನ್ನು ಇಷ್ಟು ನಿಷ್ಠುರವಾಗಿ ಹಿಡಿದ ಬರಹ ಕನ್ನಡದಲ್ಲಿ ಇನ್ನೊಂದಿಲ್ಲ. 'ನೀವು ತುಂಬಾ ಚೆನ್ನಾಗಿ ನೋಡಿಕೊಳ್ತೀರಪ್ಪ' ಎಂದು ನೆಂಟರು ಹೊಗಳಿದಾಗಲೆಲ್ಲ ಆಚಾರ್ಯರು ನೆನಪಾಗಿ ನಾಚಿಕೆಯಾಗುತ್ತಿತ್ತು.

ನನಗೆ ಬೇಕಾಗಿದ್ದದ್ದು ಸಿಕ್ಕಿದ್ದು ಮಾತ್ರ ಇನ್ನೊಂದು ಜಾಗದಲ್ಲಿ, ಮಾರುತಿಯ ಗುಡಿಯಲ್ಲಿ. ನಾರಣಪ್ಪನ ಶವಸಂಸ್ಕಾರದ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರ ಸಿಗದೆ ಆಚಾರ್ಯ ದೇವರ ಮುಂದೆ ಕೂರುತ್ತಾನೆ. ಬಲಗಡೆ ಹೂ ಬಿದ್ದರೆ ಒಂದು ಉತ್ತರ, ಎಡಗಡೆ ಬಿದ್ದರೆ ಇನ್ನೊಂದು. ಹೊತ್ತು ಏರುತ್ತದೆ, ಇಳಿಯುತ್ತದೆ, ಹೂ ಬೀಳುವುದಿಲ್ಲ. ಪಾಸಿಟಿವೋ ನೆಗೆಟಿವೋ ಎಂದು ಲ್ಯಾಬಿನ ಕಿಟಕಿ ನೋಡುತ್ತ ಕೂತವರಿಗೆ ಆ ಪುಟಗಳನ್ನು ಯಾರೂ ವಿವರಿಸಬೇಕಿಲ್ಲ. ಕೊನೆಗೆ ಆಚಾರ್ಯನನ್ನು ಅಲ್ಲಿಂದ ಎಬ್ಬಿಸುವುದು ಒಂದು ಸಣ್ಣ ನೆನಪು, ಹೆಂಡತಿಗೆ ಔಷಧಿ ಕೊಡುವ ಹೊತ್ತಾಯಿತು ಎಂಬುದು. ದೇವರ ಉತ್ತರಕ್ಕೆ ವೇಳೆಯಿಲ್ಲ, ಔಷಧಿಗೆ ಇದೆ. ದೊಡ್ಡ ಪ್ರಶ್ನೆ ಹಾಗೇ ಇರಲಿ, ಎಂಟು ಗಂಟೆಯ ಮಾತ್ರೆ ಎಂಟು ಗಂಟೆಗೆ ಎನ್ನುವುದರ ಮೇಲೆ ನಾನು ಒಂಬತ್ತು ತಿಂಗಳು ದೂಡಿದ್ದೇನೆ.

ಕಾದಂಬರಿ ಆ ಎಳೆಯನ್ನು ಅಲ್ಲೇ ಬಿಡುತ್ತದೆ. ಗುಡಿಯಿಂದ ಹೊರಟ ಆಚಾರ್ಯನಿಗೆ ಚಂದ್ರಿ ಎದುರಾಗುತ್ತಾಳೆ, ಕಥೆ ಬೇರೆ ದಾರಿ ಹಿಡಿಯುತ್ತದೆ, ಪ್ಲೇಗು ಭಾಗೀರಥಿಯನ್ನು ಒಯ್ಯುತ್ತದೆ. ಅವಳಿಗೆ ಏನನ್ನಿಸುತ್ತಿತ್ತು ಎಂದು ನಮಗೆ ತಿಳಿಯುವುದೇ ಇಲ್ಲ. ಅವಳ ಸಾವಿನಿಂದ ನಾಯಕನಿಗೆ ನಡೆಯಲು ರಸ್ತೆ ತೆರವಾಗುತ್ತದೆ. 'ಸಂಸ್ಕಾರ'ದ ಕುರಿತು ಅರವತ್ತು ವರ್ಷ ಇಷ್ಟೆಲ್ಲ ಜಗಳವಾಡಿದ ನಾವು, ಆವತ್ತಿನ ಔಷಧಿಯ ಬಗ್ಗೆ ಹೆಚ್ಚು ಮಾತಾಡಿಲ್ಲ.

ಹೊರಗಿನವರು ಇದನ್ನು ಚೆನ್ನಾಗಿ ಬರೆದಿದ್ದಾರೆ ಎಂದೇನಿಲ್ಲ. ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ 1957ರ ಮಾರ್ಚಿನಲ್ಲಿ ಜಾಯ್‌ಳನ್ನು ಧಾರ್ಮಿಕ ವಿಧಿಯಲ್ಲಿ ಮದುವೆಯಾದದ್ದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ. ಆಕೆ ಕ್ಯಾನ್ಸರಿನಿಂದ ಇನ್ನೇನು ಹೋಗುತ್ತಾಳೆ ಎಂದೇ ಎಲ್ಲರೂ ಎಣಿಸಿದ್ದರು. ಆಕೆ ಚೇತರಿಸಿಕೊಂಡು ಎದ್ದು ಓಡಾಡಿದಳು. ಕಾಯಿಲೆ ಮರಳಿ ಬಂದು ಆಕೆ ತೀರಿಕೊಂಡದ್ದು 1960ರ ಜುಲೈನಲ್ಲಿ. ಮರುವರ್ಷ ಲೂಯಿಸ್ ಸುಳ್ಳು ಹೆಸರಿನಲ್ಲಿ ಪ್ರಕಟಿಸಿದ 'ಎ ಗ್ರೀಫ್ ಅಬ್ಸರ್ವ್ಡ್' ದುಃಖದ ಬಗ್ಗೆ ನಾನು ಓದಿದ ಪುಸ್ತಕಗಳಲ್ಲೆಲ್ಲ ಪ್ರಾಮಾಣಿಕವಾದದ್ದು. ಆದರೆ ಅದು ಶುರುವಾಗುವುದು ಸಾವಿನ ನಂತರ. ನನಗೆ ಬೇಕಾಗಿದ್ದದ್ದು ನಡುವಿನ ಆ ಮೂರು ವರ್ಷ. ಪ್ರತಿ ಬೆನ್ನುನೋವಿಗೂ ಎದೆ ಧಸಕ್ಕೆನ್ನುವ, ಆದರೂ ಸಂಜೆ ಜಗಳವಾಡಿ ರಾತ್ರಿ ಊಟಕ್ಕೆ ಕೂರುವ ವರ್ಷಗಳು. ಪಾಲ್ ಕಲಾನಿಧಿ ತನ್ನ ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಬರೆದ ಪುಸ್ತಕದಲ್ಲೂ ಹೆಂಡತಿ ಲೂಸಿ ಲೇಖನಿ ಹಿಡಿಯುವುದು ಕೊನೆಯ ಪುಟಗಳಲ್ಲಿ, ಅವನು ಹೋದ ಮೇಲೆ. ಜೊತೆಗಿದ್ದವರಿಗೆ ಮಾತಾಡುವ ಹಕ್ಕು ಬರುವುದು ಒಬ್ಬರೇ ಉಳಿದಾಗ ಮಾತ್ರವೇ?

ನಡುವಿನಿಂದ ಬರೆದವರು ಹೆಚ್ಚಾಗಿ ರೋಗಿಗಳೇ. ಕನ್ನಡದಲ್ಲಿ ಬಿ. ವಿ. ಭಾರತಿಯವರ 'ಸಾಸಿವೆ ತಂದವಳು' ಇದೆ. ಸ್ತನ ಕ್ಯಾನ್ಸರನ್ನು ಹಾದುಬಂದವರೇ ಬರೆದದ್ದು. ನನ್ನ ಹೆಂಡತಿ ಅದನ್ನು ಎರಡು ಸಲ ಓದಿದಳು, ನನಗೆ ಒಂದು ಸಲ ಓದಲು ಕೊಟ್ಟಳು. ಇನ್ನೊಬ್ಬರು ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್. 1982ರಲ್ಲಿ ಅವರಿಗೆ ಬಂದ ಅಪರೂಪದ ಕ್ಯಾನ್ಸರಿನ ಮೀಡಿಯನ್ ಆಯುಸ್ಸು ಎಂಟು ತಿಂಗಳು ಎಂದು ಪುಸ್ತಕಗಳು ಹೇಳುತ್ತಿದ್ದವು. ಮೀಡಿಯನ್ ಎಂದರೆ ಅರ್ಧ ಜನ ಅದರ ಈಚೆ, ಅರ್ಧ ಜನ ಆಚೆ. ಆಚೆಯ ಅರ್ಧದ ಬಾಲ ಬಹಳ ಉದ್ದವಿರಬಹುದು, ನಾನು ಆ ಬಾಲದಲ್ಲಿರಲು ಕಾರಣಗಳಿವೆ ಎಂದು ಅವರು 1985ರಲ್ಲಿ ಒಂದು ಪ್ರಬಂಧ ಬರೆದರು. ಇಪ್ಪತ್ತು ವರ್ಷ ಬದುಕಿ, ಬೇರೊಂದು ಕ್ಯಾನ್ಸರಿನಿಂದ 2002ರಲ್ಲಿ ತೀರಿಕೊಂಡರು. ಐಟಿಯವರಾದ ನಮಗೆ ಇದು ಇಷ್ಟವಾಗುವ ಪ್ರಬಂಧ. ಅದರಲ್ಲಿ ಇರುವುದು ಸಮಾಧಾನವೇ ಎಂದು ನಾನು ತುಂಬ ದಿನ ತಿಳಿದಿದ್ದೆ. ಈಗ ಅನ್ನಿಸುವುದು, ಅದು ಹೇಳುವ ಮಾತು ಇನ್ನೂ ಕಡಿಮೆಯದು, ಹಾಗಾಗಿಯೇ ನಂಬಬಹುದಾದದ್ದು: ಅಂಕಿಗೆ ನಿಮ್ಮ ಹೆಂಡತಿಯ ತಾರೀಖು ಗೊತ್ತಿಲ್ಲ.

ಇಷ್ಟು ಪುಸ್ತಕಗಳಲ್ಲಿ ಸಿಗದ ಒಂದು ಪಾಠ ಈ ಊರಿನ ಭಾಷೆಯಲ್ಲಿ ಸಿಕ್ಕಿತು. ತಮಿಳಿನಲ್ಲಿ 'ನಾವು' ಎನ್ನಲು ಎರಡು ಪದಗಳಿವೆ. ಕೇಳುವವನನ್ನೂ ಸೇರಿಸಿಕೊಂಡರೆ 'ನಾಮ', ಬಿಟ್ಟರೆ 'ನಾಂಗ'. ಟ್ಯೂಮರ್ ಬೋರ್ಡಿನ ಡಾಕ್ಟರು "ನಾಂಗ ಪೇಸಿಟ್ಟು ಸೊಲ್ರೋಂ" ಎಂದರು, ನಾವು ಮಾತಾಡಿಕೊಂಡು ಹೇಳುತ್ತೇವೆ ಎಂದು. ಆ 'ನಾವು'ಗಳಲ್ಲಿ ನಾನಿಲ್ಲ ಎಂದು ವ್ಯಾಕರಣವೇ ತಿಳಿಸಿತು. ಕೀಮೋ ವಾರ್ಡಿನ ವಯಸ್ಸಾದ ನರ್ಸಮ್ಮ ಮಾತ್ರ ಸೂಜಿ ಹಾಕುತ್ತ "ನಾಮ ಪಾತ್ತುಕ್ಕಲಾಂ" ಎನ್ನುತ್ತಿದ್ದರು, ನೋಡಿಕೊಳ್ಳೋಣ ಎಂದು. ಅದರಲ್ಲಿ ಅವರು, ಅವಳು, ನಾನು ಮೂವರೂ ಇದ್ದೆವು. ಕನ್ನಡದ 'ನಾವು' ಈ ಭೇದ ಮಾಡುವುದಿಲ್ಲ. ಹಾಸನಕ್ಕೆ ಫೋನ್ ಮಾಡಿ ಅತ್ತೆಗೆ "ನಮಗೆ ಇನ್ನು ಮೂರು ಕೀಮೋ ಇದೆ" ಎಂದೆ. ಒಳಗಿನಿಂದ ಅವಳು, "ನಮಗಲ್ಲ, ನನಗೆ" ಎಂದಳು. ಪ್ರಾಣೇಶಾಚಾರ್ಯನ ಇಪ್ಪತ್ತು ವರ್ಷದ ತಪ್ಪು ಆ ಒಂದು ಸರ್ವನಾಮದಲ್ಲಿತ್ತು. ನೋವು ಅವಳದು, ಕಾಯುವುದು ನಮ್ಮಿಬ್ಬರದು. ಇವೆರಡನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಜೊತೆಗಿರುವವನು ಕಲಿಯಬೇಕಾದ ಕೆಲಸ.

ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1954ರಲ್ಲಿ. ಅದನ್ನು ಕಟ್ಟಿದ ಮುತ್ತುಲಕ್ಷ್ಮಿ ರೆಡ್ಡಿ 1923ರಲ್ಲಿ ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದರು. ಡಾಕ್ಟರಾಗಿದ್ದೂ ಅವರು ತಂಗಿಯ ಪಕ್ಕದಲ್ಲಿ ಬರೀ ಅಟೆಂಡರ್ ಆಗಿದ್ದಿರಬೇಕು. ಪಕ್ಕದಲ್ಲಿ ಕೂತವರ ಅನುಭವದಿಂದ ಒಂದು ಆಸ್ಪತ್ರೆ ಎದ್ದ ಊರಿನಲ್ಲಿದ್ದೇವೆ. ಅದರಿಂದ ಕನ್ನಡದಲ್ಲಿ ಒಂದು ಪುಸ್ತಕವಾದರೂ ಏಳಬಾರದೇ? ಈ ಪತ್ರಿಕೆ ಓದುವವರಲ್ಲಿ ಎಷ್ಟೋ ಜನ ಯಾವುದೋ ಊರಿನ ಯಾವುದೋ ಬೆಂಚಿನ ಮೇಲೆ ಫೈಲ್ ಹಿಡಿದು ಕೂತಿದ್ದೀರಿ. ಮುಗಿದ ಮೇಲೆ ಬರೆಯೋಣ ಎಂದು ಇಟ್ಟುಕೊಳ್ಳಬೇಡಿ. ಏನೂ ಗೊತ್ತಿಲ್ಲದ ದಿನದ ತಾರೀಖು ಮೇಲೆ ಹಾಕಿ ಈಗಲೇ ಬರೆಯಿರಿ. ಮುಗಿದ ಮೇಲೆ ಬರೆದದ್ದಕ್ಕೆ ತಾನಾಗಿ ಒಂದು ಅರ್ಥ ಬಂದುಬಿಡುತ್ತದೆ, ಆಗ ಅದು ಮತ್ತೆ ಸಾವಿತ್ರಿಯ ಕಥೆಯಾಗುತ್ತದೆ.

ನಮ್ಮ ಮುಂದಿನ ಸ್ಕ್ಯಾನ್ ಜೂನ್‌ನಲ್ಲಿ. 'ನಮ್ಮ' ಎಂದದ್ದಕ್ಕೆ ಅವಳ ಒಪ್ಪಿಗೆ ಕೇಳಿದ್ದೇನೆ. ಸ್ಕ್ಯಾನ್ ಅವಳದು, ತಾರೀಖು ನಮ್ಮದು ಎಂದು ತೀರ್ಮಾನವಾಗಿದೆ. ಲಕೋಟೆಯನ್ನು ಇಬ್ಬರೂ ಕೂತು ತೆರೆಯುತ್ತೇವೆ.