ಹಕೀಮ ಎಂದರೆ ಯಾರು?

ಡಂಬಳದ ದೊಡ್ಡಬಸಪ್ಪನ ಗುಡಿಗೆ 24 ಮೊನೆಗಳ ನಕ್ಷತ್ರಾಕಾರ ಕೊಟ್ಟವರಿಗೆ ಗಣಿತವೂ ಗೊತ್ತಿತ್ತು, ಶಿಲ್ಪವೂ ಗೊತ್ತಿತ್ತು. ಇಂದು ಆ ಊರಿನ ಮಕ್ಕಳು ಹತ್ತನೆಯ ತರಗತಿ ಮುಗಿಯುತ್ತಲೇ ಎರಡರಲ್ಲಿ ಒಂದನ್ನು ಬಿಡಬೇಕು. ಕಲಾ ವಿಭಾಗ ಹಿಡಿದರೆ ಡಾಕ್ಟರಿಕೆಯ ಬಾಗಿಲು ಮುಚ್ಚಿತು; ವಿಜ್ಞಾನ ಹಿಡಿದರೆ ಇತಿಹಾಸ, ಸಮಾಜಶಾಸ್ತ್ರದ ಬಾಗಿಲು.

ಅಮೆರಿಕದಲ್ಲಿ ಪದವಿಯ ನಂತರವೇ ವೈದ್ಯಕೀಯ. ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಸಾಹಿತ್ಯ ಓದಿದವರೂ ರಸಾಯನ, ಜೀವಶಾಸ್ತ್ರದ ಅಗತ್ಯ ಪಾಠ ಮುಗಿಸಿ ವೈದ್ಯರಾಗಬಹುದು. 2015ರಿಂದ ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರವೂ ಸೇರಿವೆ. ನಮ್ಮ ನೀಟ್‌ನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮಾತ್ರ. ಆ ದಾರಿ ದುಬಾರಿ ಎಂಬುದೂ ನಿಜ. ಬಡವರ ಮಕ್ಕಳಿಗೆ ಇನ್ನೂ ನಾಲ್ಕು ವರ್ಷ ಓದಿ ಎನ್ನಲು ನಮಗೆ ಬಾಯಿ ಬಾರದು.

ಆದರೆ 'ಎದಿಯಾಗ ಕಸಿವಿಸಿ ಆಗ್ತೈತ್ರಿ' ಎನ್ನುವ ಅಜ್ಜಿಯ ಮಾತಿನಲ್ಲಿ ರೋಗವೆಷ್ಟು, ದುಡಿಯಲು ಗೋವೆಗೆ ಹೋದ ಮಗನ ಚಿಂತೆಯೆಷ್ಟು? ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಅಭ್ಯಾಸ ಅದನ್ನು ಕಲಿಸದು.

ಉರ್ದುವಿನಲ್ಲಿ ವೈದ್ಯನನ್ನು ಹಕೀಮ ಎನ್ನುತ್ತೇವೆ. ಆ ಪದದ ಮೂಲಾರ್ಥ ವಿವೇಕಿ. ಇಬ್ನ್ ಸೀನಾ ವೈದ್ಯವನ್ನೂ ಬರೆದರು, ತತ್ವಶಾಸ್ತ್ರವನ್ನೂ ಬರೆದರು. ಗದಗಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಸಂತೋಷ. ಪಿಯುಸಿ ವಿಜ್ಞಾನದ ಮಕ್ಕಳಿಗೆ ಅಂಕದ ಆಸೆಯಿಲ್ಲದೆ ಒಂದು ಕತೆ ಓದಿ ಹೇಳುವ ಮಾಸ್ತರರೂ ಬರಲಿ. ಅದಕ್ಕೆ ಯಾರ ಅನುದಾನವೂ ಬೇಕಿಲ್ಲ.