ಏಳು ಮಂದಿಯ ಹಾಜರಿ

ಅಮೆರಿಕದ ಟೆನೆಸಿ ರಾಜ್ಯದ ಮೌರಿ ಜಿಲ್ಲೆಯಿಂದ 1861ರಲ್ಲಿ 120 ಮಂದಿ ಒಂದೇ ಕಂಪನಿಯಾಗಿ ಯುದ್ಧಕ್ಕೆ ಹೊರಟರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಸೈನ್ಯ ಅದು. ಇವರು ಅದರ ಒಂದನೇ ಟೆನೆಸಿ ಕಾಲಾಳು ರೆಜಿಮೆಂಟಿನ ಎಚ್ ಕಂಪನಿ. 1865ರ ಏಪ್ರಿಲ್‌ನಲ್ಲಿ ಉತ್ತರ ಕ್ಯಾರೊಲಿನಾದಲ್ಲಿ ದಕ್ಷಿಣದ ಜನರಲ್ ಜಾನ್‌ಸ್ಟನ್ ಶರಣಾದಾಗ ಆ ಕಂಪನಿಯ ಹಾಜರಿಯಲ್ಲಿ ಉಳಿದಿದ್ದವರು 7 ಮಂದಿ. ಅವರಲ್ಲೊಬ್ಬ ಸ್ಯಾಮ್ ವಾಟ್ಕಿನ್ಸ್. ನಾಲ್ಕು ವರ್ಷ ಬಂದೂಕು ಹೊತ್ತ ಆ ಸಾದಾ ಸಿಪಾಯಿ ಬರೆದ ಪುಸ್ತಕ ಇವತ್ತಿಗೂ ಅಮೆರಿಕದ ಅಂತರ್ಯುದ್ಧದ ಅತ್ಯುತ್ತಮ ನೆನಪುಗಳಲ್ಲೊಂದು ಎನಿಸಿಕೊಂಡಿದೆ. ಆ ಹೆಸರು ಅದಕ್ಕೆ ಸಲ್ಲುತ್ತದೆಯೇ? ಸಲ್ಲುತ್ತದೆ. ಆದರೆ ಪುಸ್ತಕ ಯಾರ ಹೆಸರನ್ನು ಕೂಗುತ್ತದೆ, ಯಾರದ್ದನ್ನು ಕೂಗುವುದಿಲ್ಲ ಎಂಬುದನ್ನೂ ನೋಡಬೇಕು.

ವಾಟ್ಕಿನ್ಸ್ ಇದನ್ನು 1881–82ರಲ್ಲಿ ತನ್ನೂರಿನ ‘ಕೊಲಂಬಿಯಾ ಹೆರಾಲ್ಡ್’ ಪತ್ರಿಕೆಗೆ ಕಂತುಕಂತಾಗಿ ಬರೆದ. 1882ರಲ್ಲಿ ಅದು ಪುಸ್ತಕವಾಯಿತು. ಹೆಸರು ‘ಕೋ. ಏಚ್’, ಅಂದರೆ ಎಚ್ ಕಂಪನಿ. ‘ಎಚ್’ ಅಕ್ಷರವನ್ನು ಬಾಯಲ್ಲಿ ಹೇಳುವ ಹಾಗೆಯೇ ಕಾಗುಣಿತ ಬಿಡಿಸಿ ಬರೆದಿದ್ದಾನೆ. ಅದೇ ಅಕ್ಷರವನ್ನು ‘ಹೆಚ್’ ಎಂದು ಉಚ್ಚರಿಸಿ ಹಾಗೇ ಬರೆಯುವ ನಮಗೆ ಈ ತಮಾಷೆ ಬೇಗ ಹಿಡಿಸುತ್ತದೆ. ದೊಡ್ಡ ಆಟದ ಬದಿಯಲ್ಲಿ ನಡೆದ ಚಿಕ್ಕ ಆಟವೊಂದು ಎಂಬ ಅರ್ಥದ ಉಪಶೀರ್ಷಿಕೆಯೂ ಇದೆ. ಜಾತ್ರೆಯ ದೊಡ್ಡ ಡೇರೆಯಲ್ಲಿ ಜನರಲ್‌ಗಳ ಆಟ, ಪಕ್ಕದ ಹರಕು ಡೇರೆಯಲ್ಲಿ ನನ್ನದು ಎಂಬ ಧಾಟಿ. ನಾನು ಇತಿಹಾಸ ಬರೆಯುತ್ತಿಲ್ಲ, ಅದು ಬೇಕಾದವರು ಇತಿಹಾಸದ ಗ್ರಂಥಗಳನ್ನು ನೋಡಿ ಎಂದು ಅವನು ಪುಟಪುಟಕ್ಕೂ ಹೇಳುತ್ತಾನೆ. ಈ ವಿನಯವೇ ಪುಸ್ತಕದ ಶಕ್ತಿ, ಇದೇ ಅದರ ಜಾಣ ನುಣುಚು.

ಮೊದಲು ಶಕ್ತಿಯ ಮಾತು. ಶೈಲೋ, ಪೆರಿವಿಲ್, ಮರ್ಫ್ರಿಸ್‌ಬರೊ, ಚಿಕಮಾಗ, ಅಟ್ಲಾಂಟ, ಫ್ರ್ಯಾಂಕ್ಲಿನ್, ನ್ಯಾಶ್‌ವಿಲ್: ಪಶ್ಚಿಮ ರಣರಂಗದ ಈ ದೊಡ್ಡ ಕಾಳಗಗಳನ್ನೆಲ್ಲ ಕಂಡವನು ವಾಟ್ಕಿನ್ಸ್. ಆದರೂ ಅವನ ಕಣ್ಣು ಸೇನೆಗಳ ಚಲನೆಯ ಮೇಲೆ ನಿಲ್ಲುವುದಿಲ್ಲ. ಹರಿದ ಬೂಟು, ಹುಳ ಬಿದ್ದ ರೇಷನ್ನು, ಹೇನು, ಪಕ್ಕದಲ್ಲಿ ಮಲಗಿದ್ದವನ ಗೊರಕೆ ಅವನಿಗೆ ಮುಖ್ಯ. ಹಸಿವು ತಡೆಯದೆ ಗೆಳೆಯರೆಲ್ಲ ಸೇರಿ ಕೊಬ್ಬಿದ ಇಲಿಯೊಂದನ್ನು ಹಿಡಿದು ಬೇಯಿಸುತ್ತಾರೆ. ಇನ್ನೇನು ಬಾಯಿಗಿಡಬೇಕು ಎನ್ನುವಾಗ, ಈ ಇಲಿ ಎಂಥ ಹೆಣ ತಿಂದಿತ್ತೋ ಎಂಬ ಯೋಚನೆ ಬಂದು ಅವನ ಹಸಿವು ಸತ್ತುಹೋಗುತ್ತದೆ. ನಗುತ್ತ ಓದುತ್ತಿದ್ದ ನಾವು ಆ ಕ್ಷಣದಲ್ಲಿ ನಗು ನುಂಗಿಕೊಳ್ಳುತ್ತೇವೆ. ಇಷ್ಟು ಚಿಕ್ಕ ಘಟನೆಯಲ್ಲಿ ಯುದ್ಧದ ಅಸಹ್ಯವನ್ನೆಲ್ಲ ಹಿಡಿದಿಡುವುದು ದೊಡ್ಡ ಬರಹಗಾರರಿಗೂ ಸುಲಭವಲ್ಲ.

1864ರ ಜೂನ್ 27ರಂದು ಕೆನೆಸಾ ಬೆಟ್ಟದ ಸಾಲಿನಲ್ಲಿ, ‘ಸಾವಿನ ಮೂಲೆ’ ಎಂದು ಸಿಪಾಯಿಗಳೇ ಹೆಸರಿಟ್ಟ ತಿರುವಿನಲ್ಲಿ, ಎದುರಾಳಿಯೊಬ್ಬ ವಾಟ್ಕಿನ್ಸ್‌ನ ಎದೆಗೆ ಬಂದೂಕು ಹಿಡಿಯುತ್ತಾನೆ. ಗೆಳೆಯ ವಿಲಿಯಂ ಹ್ಯೂಸ್ ಆ ನಳಿಗೆಯನ್ನು ಕೈಯಿಂದ ಹಿಡಿದು ಗುಂಡನ್ನು ತನ್ನ ಮೈಗೆ ತೆಗೆದುಕೊಳ್ಳುತ್ತಾನೆ, ಸಾಯುವ ಮುಂಚೆ ತನ್ನ ಬಂದೂಕು ಸ್ಯಾಮ್‌ಗೆ ಕೊಡಿ ಎನ್ನುತ್ತಾನೆ. ಇದನ್ನು ಹೇಳುವಾಗ ವಾಟ್ಕಿನ್ಸ್ ತಮಾಷೆ ಬಿಟ್ಟುಬಿಡುತ್ತಾನೆ. ಅದೇ ವರ್ಷ ನವೆಂಬರ್ 30ರ ಫ್ರ್ಯಾಂಕ್ಲಿನ್ ಕಾಳಗದಲ್ಲಿ ದಕ್ಷಿಣದ ಕಡೆಯ ಆರು ಜನರಲ್‌ಗಳು ಪ್ರಾಣ ಕಳೆದುಕೊಂಡರು. ತನ್ನ ಊರಿಗೆ ಒಂದು ದಿನದ ನಡಿಗೆಯಷ್ಟು ಹತ್ತಿರ ನಡೆದ ಆ ಕಾಳಗಕ್ಕೆ ಅವನು ಕೊಡುವುದು ಕೆಲವೇ ಪುಟ. ಇಲ್ಲಿ ಲೇಖನಿ ನಡೆಯುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಮಾತಿನ ಮಲ್ಲ ಮಾತು ನಿಲ್ಲಿಸುವ ಜಾಗಗಳನ್ನು ನಂಬಬಹುದು.

ಅಧಿಕಾರಿಗಳ ವಿಷಯದಲ್ಲೂ ಅವನಿಗೆ ಮುಲಾಜಿಲ್ಲ. ತನ್ನದೇ ಸೈನ್ಯದ ಜನರಲ್ ಬ್ರ್ಯಾಗ್‌ನ ಕಾಲದ ಚಾಟಿಯೇಟು, ಬರೆ, ಗುಂಡಿಟ್ಟು ಕೊಲ್ಲುವ ಶಿಕ್ಷೆ ಎಲ್ಲವನ್ನೂ ದಾಖಲಿಸುತ್ತಾನೆ. ಸೈನ್ಯ ಬಿಟ್ಟು ಓಡಿದ ರೋಲೆಂಡ್ ಎಂಬಾತ ತನಗಾಗಿ ತೋಡಿದ ಗುಂಡಿಯ ಪಕ್ಕ ನಿಂತು ನೀರು ಕೇಳಿ ಕುಡಿಯುತ್ತಾನೆ, ಮುಂದೆ ಹೋಗುವ ಕಡೆ ನೀರಿಗೆ ಬರವಂತೆ ಎಂದು ಹಾಸ್ಯ ಮಾಡುತ್ತಾನೆ. ಸೋತ ಕಡೆಯವರ ಬರಹದಲ್ಲಿ ತಮ್ಮ ಸೈನ್ಯವೇ ತಮ್ಮವರನ್ನು ಕೊಂದ ಕಥೆ ಇಷ್ಟು ನೇರವಾಗಿ ಬರುವುದು ಅಪರೂಪ.

ಇದೆಲ್ಲ ನಡೆದದ್ದು ಹೀಗೆಯೇ ಎಂದು ನಂಬಬೇಕೇ? 1862ರ ಜನವರಿಯಲ್ಲಿ ರೋಮ್ನಿಯ ದಾರಿಯಲ್ಲಿ 11 ಕಾವಲುಗಾರರು ಹೆಪ್ಪುಗಟ್ಟಿ ಸತ್ತಿದ್ದರು, ಕೆಲವರು ಬಂದೂಕು ಹಿಡಿದು ನಿಂತ ಹಾಗೆಯೇ, ಎಂದು ಬರೆಯುತ್ತಾನೆ. ಓದುವವನಿಗೆ ಅನುಮಾನ ಬರದಿರದು. ಇಪ್ಪತ್ತು ವರ್ಷ ಮನೆಯಲ್ಲೂ ಕಟ್ಟೆಯ ಮೇಲೂ ಹೇಳಿ ಹೇಳಿ ಪಾಲಿಶ್ ಆದ ಕಥೆಯ ಹೊಳಪು ಅದರಲ್ಲಿದೆ. 120ರಲ್ಲಿ 7 ಎಂಬ ಲೆಕ್ಕವನ್ನೂ ಜೋಪಾನವಾಗಿ ಓದಬೇಕು. ಆ ಏಳು ಮಂದಿ ಶರಣಾಗತಿಯ ದಿನ ಹಾಜರಿದ್ದವರು. ಉಳಿದ ಎಲ್ಲರೂ ಸತ್ತಿರಬೇಕೆಂದೇನಿಲ್ಲ. ಗಾಯಾಳುಗಳಾಗಿ, ಕೈದಿಗಳಾಗಿ, ಕಾಯಿಲೆಯಿಂದ, ಓಡಿಹೋಗಿ ಸೈನ್ಯದ ಪಟ್ಟಿಯಿಂದ ಜಾರಿದವರು ಎಲ್ಲ ಕಂಪನಿಗಳಲ್ಲೂ ಇದ್ದರು. ಹೋಲಿಕೆಗೆ ನೋಡಿದರೆ, ಉತ್ತರದ ಕಡೆಯ ಇಲೈಶಾ ಹಂಟ್ ರೋಡ್ಸ್ ಯುದ್ಧದ ನಡುವೆಯೇ ದಿನಚರಿ ಬರೆದ. ಸಾದಾ ಸಿಪಾಯಿಯಾಗಿ ಸೇರಿ ತನ್ನ ರೆಜಿಮೆಂಟಿನ ಮುಖ್ಯಸ್ಥನಾಗುವವರೆಗಿನ ನಾಲ್ಕು ವರ್ಷ ಅದರಲ್ಲಿವೆ. ದಿನಾಂಕಕ್ಕೆ ರೋಡ್ಸ್ ವಾಸಿ, ದನಿಗೆ ವಾಟ್ಕಿನ್ಸ್. ಈ ಮಟ್ಟಿಗಿನ ಉತ್ಪ್ರೇಕ್ಷೆಯನ್ನು ನಾನು ತಪ್ಪೆನ್ನುವುದಿಲ್ಲ.

ನನ್ನ ತಕರಾರು ಬೇರೆ. ದಕ್ಷಿಣದ ಸರ್ಕಾರ 1862ರ ಏಪ್ರಿಲ್‌ನಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿಯ ಕಾಯಿದೆ ತಂದಿತು. ಅಕ್ಟೋಬರ್‌ನಲ್ಲಿ 20 ಅಥವಾ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಂತೆ ವಿನಾಯಿತಿ ಕೊಟ್ಟಿತು. ಇದು ಸಾಹುಕಾರರ ಯುದ್ಧ, ಕಾದಾಡುವವರು ಬಡವರು ಎಂಬ ಮಾತು ಆಗ ಹಬ್ಬಿತು. ವಾಟ್ಕಿನ್ಸ್ ಅದನ್ನು ದಾಖಲಿಸುತ್ತಾನೆ. ಅವನ ವರ್ಗಸಿಟ್ಟಿಗೆ ಇದೇ ಸಾಕ್ಷಿ ಎಂದು ವಿಮರ್ಶಕರು ಮತ್ತೆ ಮತ್ತೆ ಎತ್ತಿ ತೋರಿಸುವ ಭಾಗ ಇದು. ಆದರೆ ಅದಕ್ಕೆ ತಾಗಿಕೊಂಡೇ ಇನ್ನೊಂದು ಮಾತಿದೆ: ಆ ಕಾಯಿದೆ ಕೇಳಿ ನಮಗೆ ಬೇಜಾರಾಯಿತು, ನಮಗೂ ಇಪ್ಪತ್ತು ಮಂದಿ ಬೇಕೆನಿಸಿತು. ತಮಾಷೆಗೆ ಹೇಳಿದ್ದೇ ಇರಬಹುದು. ಆದರೂ ಯುದ್ಧ ಯಾತಕ್ಕೆ ನಡೆಯಿತು ಎಂಬ ಪ್ರಶ್ನೆಗೆ ಇಡೀ ಪುಸ್ತಕದಲ್ಲಿ ಸಿಗುವ ಅತ್ಯಂತ ಪ್ರಾಮಾಣಿಕ ಉತ್ತರ ಅದೇ. ಬಡ ಸಿಪಾಯಿಯ ಸಿಟ್ಟು ಗುಲಾಮಗಿರಿಯ ಮೇಲಲ್ಲ, ಅದರಲ್ಲಿ ತನಗೆ ಪಾಲು ಸಿಗದ್ದರ ಮೇಲೆ.

ವಾಟ್ಕಿನ್ಸ್ ಆ ಉತ್ತರದ ಮುಂದೆ ನಿಲ್ಲುವುದಿಲ್ಲ, ದಾಟಿ ಹೋಗುತ್ತಾನೆ. ಪುಸ್ತಕ ಶುರುವಾಗುವುದೇ ದಿಕ್ಕುಗಳ ತಮಾಷೆಯಿಂದ. ಉತ್ತರ, ದಕ್ಷಿಣ ಎಂದು ಯಾರೋ ತಲೆಕೆಟ್ಟವರು ಗೆರೆ ಎಳೆದರು, ಅದಕ್ಕೇ ಜಗಳವಾಯಿತು ಎನ್ನುವ ಹಾಗೆ. ಗೆರೆಯ ಆಚೀಚೆ ಏನಿತ್ತೆಂದು ಅವನಿಗೆ ಗೊತ್ತಿತ್ತು. 1860ರಲ್ಲಿ ಟೆನೆಸಿಯೊಂದರಲ್ಲೇ ಸುಮಾರು 2.75 ಲಕ್ಷ ಮಂದಿ ಗುಲಾಮರಿದ್ದರು, ಅವನ ಮೌರಿ ಜಿಲ್ಲೆ ದೊಡ್ಡ ತೋಟಗಳ ಸೀಮೆ. ಅವನ ಪುಟಗಳಲ್ಲಿ ಕರಿಯರು ಬರುವುದೇ ಇಲ್ಲ ಎಂದಲ್ಲ. ಅಂಕಲ್ ಜ್ಯಾಕ್, ಆಂಟ್ ಡ್ಯಾಫ್ನಿ ಎಂಬ ಮುದುಕ ಮುದುಕಿ ಇದ್ದಾರೆ, ಭೋಳೆ ಸ್ವಭಾವದ, ನಗೆ ತರಿಸುವ ಪಾತ್ರಗಳಾಗಿ. ಸತ್ತ ಬಿಳಿಯ ಗೆಳೆಯನಿಗೆ ಹೆಸರು, ಊರು, ಕೊನೆಯ ಮಾತು ಎಲ್ಲ ಕೊಟ್ಟು ವೀರಗಲ್ಲು ನಿಲ್ಲಿಸುವ ಕೈ ಇವರ ಹತ್ತಿರ ಬರುವಾಗ ವ್ಯಂಗ್ಯಚಿತ್ರ ಬರೆಯುತ್ತದೆ.

ಈ ಯುದ್ಧದ ಬಿಸಿ ಕನ್ನಡ ನಾಡಿಗೂ ತಟ್ಟಿತ್ತು. ಉತ್ತರದ ಹಡಗುಗಳು ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತು ಧಾರವಾಡ ಸೀಮೆಯ ಹತ್ತಿಗೆ ಎಂದೂ ಇಲ್ಲದ ಧಾರಣೆ ಬಂತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಅದು ಇಳಿಯಿತು. ಸಾವಿರಾರು ಮೈಲಿ ಆಚೆಯ ರೈತನ ಅಂಗಳಕ್ಕೂ ಮುಟ್ಟಿದ ಸಂಗತಿ ಅದು. ಅಮೆರಿಕದಲ್ಲಿ ಹತ್ತಿ ಬಿಡಿಸುತ್ತಿದ್ದ ಕೈಗಳು ಈ ಪುಸ್ತಕದ ಕಣ್ಣಿಗೆ ಮಾತ್ರ ಬೀಳಲಿಲ್ಲ.

ಯುದ್ಧದ ನಂತರದ ಬದುಕಿನ ಬಗ್ಗೆಯೂ ಇದೇ ಮೌನ. ವಾಟ್ಕಿನ್ಸ್ ಊರಿಗೆ ಮರಳಿದ, ಯುದ್ಧದುದ್ದಕ್ಕೂ ಮನಸ್ಸಿನಲ್ಲಿಟ್ಟುಕೊಂಡಿದ್ದ ಜೆನಿಯನ್ನು ಮದುವೆಯಾದ, ಸಂಸಾರ ಬೆಳೆಯಿತು. ಮಕ್ಕಳು ಮೊಣಕಾಲ ಸುತ್ತ ಆಡುತ್ತಿರುವಾಗ ಬರೆಯುವ ಅಪ್ಪನ ಚಿತ್ರವನ್ನು ನಮ್ಮ ಮುಂದಿಡುತ್ತಾನೆ. ಗಂಡನಾಗಿ, ತಂದೆಯಾಗಿ ಅವನು ಹಾಗಿದ್ದನೆಂದು ನಂಬಲು ಅಡ್ಡಿಯಿಲ್ಲ. ಆದರೆ ಅದೇ ವರ್ಷಗಳಲ್ಲಿ, ಪಕ್ಕದ ಜೈಲ್ಸ್ ಜಿಲ್ಲೆಯ ಪುಲಾಸ್ಕಿ ಊರಿನಲ್ಲಿ, ಅವನಂತೆಯೇ ಮನೆಗೆ ಮರಳಿದ ಆರು ಮಂದಿ ಮಾಜಿ ಸೈನಿಕರು ಕು ಕ್ಲುಕ್ಸ್ ಕ್ಲಾನ್ ಕಟ್ಟಿದರು. ಬಿಡುಗಡೆಯಾದ ಕರಿಯರನ್ನು ಅದು ರಾತ್ರಿ ಹೊತ್ತು ಬೇಟೆಯಾಡಿತು. ಸೋತ ಸೈನಿಕರ ನಂತರದ ಬದುಕಿನಲ್ಲಿ ಅಂಗಳದ ಮಕ್ಕಳೂ ಇದ್ದರು, ಮುಸುಕು ಹಾಕಿದ ಕುದುರೆ ಸವಾರರೂ ಇದ್ದರು. ಪುಸ್ತಕ ಮೊದಲನೆಯದನ್ನಷ್ಟೇ ತೋರಿಸುತ್ತದೆ. ನಾವೆಲ್ಲ ಒಂದೇ, ಗೆರೆ ಅಳಿಸಿಹೋಯಿತು ಎಂದು ಕೊನೆಗೆ ಅವನು ಹಾಡುವ ಸಾಮರಸ್ಯ ಬಿಳಿಯರಿಬ್ಬರ ನಡುವಿನ ರಾಜಿ.

1990ರಲ್ಲಿ ಕೆನ್ ಬರ್ನ್ಸ್ ತನ್ನ ಟಿವಿ ಸಾಕ್ಷ್ಯಚಿತ್ರ ಸರಣಿಯಲ್ಲಿ ವಾಟ್ಕಿನ್ಸ್‌ನ ಮಾತುಗಳನ್ನು ಉದ್ದಕ್ಕೂ ಬಳಸಿದ ಮೇಲೆ ಈ ದನಿ ಮನೆಮನೆ ತಲುಪಿತು. ತಲುಪಬೇಕಾದ ದನಿಯೇ. ಹಸಿದ, ಹೆದರಿದ, ಗೆಳೆಯನನ್ನು ಕಳೆದುಕೊಂಡ ಸಿಪಾಯಿ ಹೇಗೆ ಮಾತಾಡುತ್ತಾನೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪುಸ್ತಕಗಳು ಕಡಿಮೆ. ಆದರೆ ಸಾದಾ ಮನುಷ್ಯ ಎಂಬ ಕಾರಣಕ್ಕೆ ಅವನನ್ನು ನಿರಪರಾಧಿ ಎನ್ನಲಾಗದು. ಅವನ ಸಂಕಟಕ್ಕೆ ಮರುಗುತ್ತಲೇ ಅವನ ತಮಾಷೆಯನ್ನು ಅನುಮಾನದಿಂದ ಓದಬೇಕು.

ಟೆನೆಸಿ ರಾಜ್ಯ ದಕ್ಷಿಣದ ಪರ ಹೋರಾಡಿದ ಬಡ ಸಿಪಾಯಿಗಳಿಗೆ 1891ರಲ್ಲಿ ಪಿಂಚಣಿ ಮಂಜೂರು ಮಾಡಿತು. ಅದೇ ಸೈನ್ಯದ ಹಿಂದೆ ಅಡುಗೆಗೆ, ಚಾಕರಿಗೆ ಹೋಗಿದ್ದ ಕರಿಯರ ಹೆಸರು ಪಿಂಚಣಿಯ ಪಟ್ಟಿಗೆ ಬರಲು 1921 ಆಗಬೇಕಾಯಿತು. ಅಷ್ಟರಲ್ಲಿ ವಾಟ್ಕಿನ್ಸ್ ತೀರಿಕೊಂಡೇ 20 ವರ್ಷವಾಗಿತ್ತು.